ಅಜ್ಜನ ಮನೆಯ ಚಿತ್ರಗಳು, ಚಿತ್ರಸಂತೆಯ ಚಿತ್ರಗಳು: ಇವನ್ನು ಒಂದು ಸಂಗ್ರಹವಾಗಿಸುವುದು ಹೇಗೆ?

ಪ್ರಶ್ನೆ
ಬರೆದವರು: ಮಲ್ಲೇಶ್ವರದ ಕರಾವಳಿಗ

ನಮಸ್ಕಾರ. ಕಲಾಕೃತಿಗಳನ್ನು ಹಲವು ವರ್ಷಗಳಿಂದ ಸಂಗ್ರಹಿಸುತ್ತ ಬಂದವರೂ ಅವುಗಳ ಸಂರಕ್ಷಣೆಯನ್ನು ಬಲ್ಲವರೂ ಇಲ್ಲಿದ್ದೀರಿ ಎಂಬ ಧೈರ್ಯದಿಂದ ನನ್ನ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿಯೇ ಮುಂದಿಡುತ್ತಿದ್ದೇನೆ.

ಕುಂದಾಪುರದ ಹತ್ತಿರ ನಮ್ಮ ಹಿರಿಯರ ಮನೆಯಿದೆ. ಆಸ್ತಿ ಪಾಲಾದಾಗ ಅಲ್ಲಿನ ಗೋಡೆಗಳ ಮೇಲಿದ್ದ ಚಿತ್ರಗಳು ನನ್ನ ಪಾಲಿಗೆ ಬಂದವು; ಬೇರೆ ಯಾರೂ ಅವನ್ನು ಕೇಳಲಿಲ್ಲ ಎಂಬುದೂ ನಿಜ. ರವಿವರ್ಮ ಪ್ರೆಸ್ಸಿನವೆಂದು ಮನೆಯವರು ಹೇಳುವ, ತೈಲಚಿತ್ರದಂತೆ ಕಾಣುವ ಬಣ್ಣದ ಕಲ್ಲಚ್ಚಿನ ಚಿತ್ರಗಳಾದ ಎರಡು ಒಲಿಯೋಗ್ರಾಫ್‌ಗಳು ಅವುಗಳಲ್ಲಿವೆ, ಒಂದು ಲಕ್ಷ್ಮಿಯದು, ಇನ್ನೊಂದು ಸರಸ್ವತಿಯದು. ಲಕ್ಷ್ಮಿಯ ಸೀರೆಗೆ ಹಿಂದೆ ಯಾರೋ ಜರಿಯನ್ನೂ ಮಿಣುಕುಗಳನ್ನೂ ಅಂಟಿಸಿದ್ದಾರೆ. ಚಿನ್ನದ ರೇಕಿನ ಕೆಲಸವಿರುವ, ಮೈಸೂರು ಶೈಲಿಯ ಒಂದು ಶ್ರೀರಾಮ ಪಟ್ಟಾಭಿಷೇಕವಿದೆ. ಅದು ದೇವರ ಕೋಣೆಯಲ್ಲೇ ಇದ್ದುದರಿಂದ ಹೊಗೆ ಹಿಡಿದು ಮಬ್ಬಾಗಿದೆ. ಇವುಗಳ ಜೊತೆಗೆ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಬರೆದ, ಯಕ್ಷಗಾನದ ವೇಷವೊಂದರ ಪುಟ್ಟ ರೇಖಾಚಿತ್ರವೊಂದಿದೆ. ಅದರ ಕೆಳಗಿನ ಸಹಿಯನ್ನು ‘ಹೆಬ್ಬಾರ್’ ಎಂದು ಓದಬಹುದು. ಅದು ಹೆಸರಾಂತ ಚಿತ್ರಕಾರ ಕೆ.ಕೆ. ಹೆಬ್ಬಾರರದೇ ಎಂದು ಮನೆಯಲ್ಲಿ ಎಲ್ಲರೂ ನಂಬಿಕೊಂಡು ಬಂದಿದ್ದಾರೆ. ಆದರೆ ಆ ನಂಬಿಕೆಗೆ ಆಧಾರವೇನು ಎಂದು ಕೇಳಿದರೆ ಉತ್ತರಿಸಬಲ್ಲ ಹಿರಿಯರು ಈಗ ಇಲ್ಲ.

ಇನ್ನು ನಾನೇ ಕೊಂಡವುಗಳ ವಿಚಾರ. ಪ್ರತಿವರ್ಷ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ಹೋಗುವುದು ರೂಢಿಯಾಗಿ, ಕೆಲವು ಜಲವರ್ಣಗಳೂ ಒಂದು ಎಚಿಂಗ್ (ಆಮ್ಲದಿಂದ ಕೊರೆದ ಲೋಹದ ತಟ್ಟೆಯಿಂದ ತೆಗೆದ ಅಚ್ಚು) ಕೂಡ ಮನೆಗೆ ಬಂದಿವೆ. ಇಷ್ಟವಾದದ್ದನ್ನು ಕೊಂಡೆನೇ ಹೊರತು ಅದರ ಹಿಂದೆ ಯಾವ ಯೋಜನೆಯೂ ಇರಲಿಲ್ಲ. ಈಗ ವರ್ಷಕ್ಕೆ ಸುಮಾರು 60,000 ರೂಪಾಯಿಗಳನ್ನು ಈ ಹವ್ಯಾಸಕ್ಕೆಂದು ತೆಗೆದಿಡಬಲ್ಲೆ. ಎರಡು ಮಲಗುವ ಕೋಣೆಗಳ ನಮ್ಮ ಮನೆಯಲ್ಲಿ ಖಾಲಿ ಗೋಡೆ ಹೆಚ್ಚೇನೂ ಉಳಿದಿಲ್ಲ.

ಈ ಹಣವನ್ನು ಯಾವ ದಿಕ್ಕಿನಲ್ಲಿ ವಿನಿಯೋಗಿಸಿದರೆ ಹತ್ತು ವರ್ಷಗಳ ಬಳಿಕ ಇದು ಬರಿಯ ರಾಶಿಯಾಗಿರದೆ ಸಂಗ್ರಹ ಎನ್ನಿಸಿಕೊಂಡೀತು ಎಂಬುದು ನನ್ನ ಮುಖ್ಯ ಪ್ರಶ್ನೆ. ಊರಿನಲ್ಲೇ ಇರುವ ಹಳೆಯ ಚಿತ್ರಗಳನ್ನು ಮಳೆಗಾಲಕ್ಕೆ ಮುಂಚೆ ಏನು ಮಾಡಬೇಕು ಎಂಬುದು ಅದಕ್ಕಿಂತ ತುರ್ತಿನದು. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ಪಟ್ಟಾಭಿಷೇಕದ ಚಿತ್ರವನ್ನು ತನ್ನ ಮನೆಗೆ ಒಯ್ಯಬೇಕೆಂದು ಈಚೆಗೆ ಕೇಳುತ್ತಿದ್ದಾಳೆ. ಅದಕ್ಕೆ ಕಾನೂನಿನ ಅಡ್ಡಿಯಿದೆಯೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ
ಬರೆದವರು: ಅಚ್ಚುಮನೆ

ಮಾನ್ಯರೇ, ನಾನು ಚಿತ್ರಕಲಾ ಶಾಲೆಯೊಂದರಲ್ಲಿ ಮುದ್ರಣಕಲೆಯನ್ನು ಕಲಿಸಿ ನಿವೃತ್ತನಾದವನು. ಹಳೆಯ ಚಿತ್ರಗಳ ಆರೈಕೆಯ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿ ಇರುವುದರಿಂದ ಕೊಳ್ಳುವ ವಿಚಾರಕ್ಕಷ್ಟೇ ಉತ್ತರಿಸುತ್ತೇನೆ.

ಮೊದಲಿಗೆ, ಬೆಲೆ ಏರುತ್ತದೆ ಎಂಬ ಲೆಕ್ಕಾಚಾರವನ್ನು ಪಕ್ಕಕ್ಕಿಡಿ. 2025ರ ಮಾರ್ಚ್‌ನಲ್ಲಿ ಎಂ.ಎಫ್. ಹುಸೇನರ ‘ಗ್ರಾಮ ಯಾತ್ರಾ’ ನ್ಯೂಯಾರ್ಕಿನ ಹರಾಜಿನಲ್ಲಿ 1.37 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತೆಂಬ ಸುದ್ದಿಯನ್ನು ಓದಿದವರು, ಇಂದು 30,000 ರೂಪಾಯಿಗೆ ಕೊಂಡ ಯುವ ಕಲಾವಿದರ ಕೃತಿಯೂ ಅದೇ ಹಾದಿಯಲ್ಲಿದೆ ಎಂದು ತಿಳಿಯುವುದುಂಟು. ಹರಾಜಿನ ಮಟ್ಟವನ್ನು ತಲುಪುವ ಕಲಾವಿದರು ಬೆರಳೆಣಿಕೆಯಷ್ಟು ಮಂದಿ. ಉಳಿದವರ ಕೃತಿಗಳಿಗೆ ಮರುಮಾರಾಟದ ಪೇಟೆಯೆಂಬುದೇ ಬಹುಮಟ್ಟಿಗೆ ಇಲ್ಲ, ಮಾರಿದ ಗ್ಯಾಲರಿಯೇ ಅದನ್ನು ಅರ್ಧ ಬೆಲೆಗೆ ಮರಳಿ ಕೊಳ್ಳುತ್ತದೆಂಬ ಭರವಸೆಯೂ ಇರುವುದಿಲ್ಲ. ಆದ್ದರಿಂದ ಖರ್ಚಾಗಿ ಹೋದರೂ ಸಂಕಟವಾಗದ ಹಣದಿಂದ ಮಾತ್ರ ಕೊಳ್ಳಬೇಕು.

ಹಣ ಕಡಿಮೆಯಿದ್ದರೆ ಸಂಗ್ರಹ ಸಣ್ಣದಾಗುತ್ತದೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನ್ಯೂಯಾರ್ಕಿನ ಹರ್ಬರ್ಟ್ ಮತ್ತು ಡೊರೊಥಿ ವೋಗೆಲ್ ದಂಪತಿಯ ಉದಾಹರಣೆಯನ್ನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಆತ ಅಂಚೆ ಇಲಾಖೆಯ ಗುಮಾಸ್ತ, ಆಕೆ ಗ್ರಂಥಪಾಲಕಿ. ಆಕೆಯ ಸಂಬಳದಲ್ಲಿ ಸಂಸಾರ ನಡೆಯುತ್ತಿತ್ತು, ಆತನ ಸಂಬಳ ಕಲಾಕೃತಿಗಳಿಗೆ ಹೋಗುತ್ತಿತ್ತು. ಸಂಬಳಕ್ಕೆ ಎಟಕುವಂತಿರಬೇಕು ಮತ್ತು ಒಂದೇ ಮಲಗುವ ಕೋಣೆಯ ತಮ್ಮ ಮನೆಯಲ್ಲಿ ಹಿಡಿಸುವಂತಿರಬೇಕು ಎಂಬವೇ ಅವರ ನಿಯಮಗಳು. ಹಾಗೆ ಕೂಡಿಟ್ಟ ಕೃತಿಗಳು ನಾಲ್ಕು ಸಾವಿರವನ್ನು ದಾಟಿದವು, ಅವುಗಳ ಬಹುಭಾಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ಗೂ ಅಮೆರಿಕದ ಐವತ್ತು ರಾಜ್ಯಗಳ ಸಂಗ್ರಹಾಲಯಗಳಿಗೂ ಸೇರಿತು. ತಮ್ಮ ಕಾಲದ, ಆಗ ಇನ್ನೂ ಹೆಸರು ಮಾಡಿರದ, ಮಿತಕಲೆ (ಆಕಾರ, ಬಣ್ಣಗಳನ್ನು ಕನಿಷ್ಠಕ್ಕಿಳಿಸುವ ಕಲೆ) ಮತ್ತು ಪರಿಕಲ್ಪನಾ ಕಲೆಯ (ವಸ್ತುವಿಗಿಂತ ಆಲೋಚನೆಯೇ ಮುಖ್ಯವಾದ ಕಲೆ) ಕಲಾವಿದರನ್ನು ಅವರು ಬಿಡದೆ ಹಿಂಬಾಲಿಸಿದರು. ದುಡ್ಡಿಗಿಂತ ಆ ಹಟವೇ ಅಲ್ಲಿ ಕೆಲಸ ಮಾಡಿದ್ದು.

ನಿಮಗೆ ನಾನು ಸೂಚಿಸುವ ಮಿತಿಯೆಂದರೆ ಕರ್ನಾಟಕದ ಕಲಾವಿದರ ಮುದ್ರಣಚಿತ್ರಗಳು ಮತ್ತು ಕಾಗದದ ಮೇಲಿನ ಕೃತಿಗಳು. ಎಚಿಂಗ್, ಲಿಥೋ (ಕಲ್ಲಚ್ಚು), ಮರದಚ್ಚು, ಸೆರಿಗ್ರಾಫ್ (ಜಾಲರಿಯಚ್ಚು) ಇವೆಲ್ಲ ಕಲಾವಿದ ತಾನೇ ತಟ್ಟೆಯನ್ನೋ ಕಲ್ಲನ್ನೋ ಮರವನ್ನೋ ಜಾಲರಿಯನ್ನೋ ಸಿದ್ಧಪಡಿಸಿ ತೆಗೆದ ಮೂಲಕೃತಿಗಳೇ ಆಗಿದ್ದರೂ ಒಂದಕ್ಕಿಂತ ಹೆಚ್ಚು ಪ್ರತಿಗಳಿರುವುದರಿಂದ ಅದೇ ಕಲಾವಿದನ ಕ್ಯಾನ್ವಾಸಿಗಿಂತ ಬಹಳ ಅಗ್ಗಕ್ಕೆ ದೊರೆಯುತ್ತವೆ. ಜೊತೆಗೆ, ಗೋಡೆಯಿಲ್ಲದ ಮನೆಯಲ್ಲೂ ಒಂದು ಅಗಲವಾದ ಸೆಳೆಖಾನೆಯಲ್ಲಿ ಹತ್ತಾರು ಹಾಳೆಗಳನ್ನು ಮಟ್ಟಸವಾಗಿ ಇರಿಸಬಹುದು. ಹಾಳೆಯ ಕೆಳಭಾಗದಲ್ಲಿ ಪೆನ್ಸಿಲಿನಲ್ಲಿ 7/25 ಎಂದಿದ್ದರೆ ಇಪ್ಪತ್ತೈದು ಪ್ರತಿಗಳ ಆವೃತ್ತಿಯಲ್ಲಿ ಅದು ಏಳನೆಯದೆಂದು ಅರ್ಥ, ‘ಎ.ಪಿ.’ ಎಂದಿದ್ದರೆ ಕಲಾವಿದ ತನಗೆಂದು ಇಟ್ಟುಕೊಂಡ ಪ್ರತಿ. ಎಚಿಂಗ್ ಆಗಿದ್ದರೆ ಚಿತ್ರದ ಸುತ್ತ ಲೋಹದ ತಟ್ಟೆ ಒತ್ತಿದ ತಗ್ಗು ಬೆರಳಿಗೆ ಸಿಗಬೇಕು. ಇತ್ತೀಚೆಗೆ ಕಂಪ್ಯೂಟರ್ ಪ್ರಿಂಟರಿನಲ್ಲಿ ತೆಗೆದ ವರ್ಣಚಿತ್ರದ ನಕಲುಗಳಿಗೂ ಸಂಖ್ಯೆ ಹಾಕಿ, ಸಹಿ ಮಾಡಿ, ‘ಲಿಮಿಟೆಡ್ ಎಡಿಷನ್’ ಎಂದು ಮಾರುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲದಿರಬಹುದು. ಆದರೆ ಅದು ಮೂಲ ಮುದ್ರಣಚಿತ್ರವಲ್ಲ, ಅದಕ್ಕೆ ಆ ಬೆಲೆಯನ್ನು ಕೊಡಬಾರದು.

ಕಣ್ಣು ಪಳಗಬೇಕಾದರೆ ಬೆಂಗಳೂರಿನಲ್ಲಿ ಎಡೆಗಳಿಗೆ ಕೊರತೆಯಿಲ್ಲ. ಚಿತ್ರಕಲಾ ಪರಿಷತ್ತಿನಲ್ಲಿ ಕೃಷ್ಣಾ ರೆಡ್ಡಿಯವರ ಮುದ್ರಣಚಿತ್ರಗಳಿವೆ. ಒಂದೇ ತಟ್ಟೆಯಿಂದ ಹಲವು ಬಣ್ಣಗಳನ್ನು ತೆಗೆಯುವ ವಿಸ್ಕಾಸಿಟಿ ವಿಧಾನವನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು. ಅಲ್ಲಿಯೇ ಇರುವ ಕೇಜ್ರಿವಾಲ್ ಸಂಗ್ರಹವನ್ನು ಒಬ್ಬ ಖಾಸಗಿ ಸಂಗ್ರಾಹಕರ ಅಭಿರುಚಿ ಎಂಥದಿತ್ತು ಎಂಬ ದೃಷ್ಟಿಯಿಂದ ನೋಡಿ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವೂ ಕಸ್ತೂರ್ಬಾ ರಸ್ತೆಯ ‘ಮ್ಯಾಪ್’ ಎಂಬ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ ಕೂಡ ಇವೆ. ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ) ಮತ್ತು ಪರಿಷತ್ತಿನ ಕಾಲೇಜುಗಳ ವಿದ್ಯಾರ್ಥಿಗಳ ವಾರ್ಷಿಕ ಪ್ರದರ್ಶನಗಳನ್ನು ತಪ್ಪಿಸಬೇಡಿ. ಹೊಸ ಕೈಗಳನ್ನು ಮೊದಲು ಕಾಣುವುದು ಅಲ್ಲಿಯೇ.

ಚಿತ್ರಸಂತೆಯ ಬಗ್ಗೆ ನನ್ನದು ಮಿಶ್ರ ಅಭಿಪ್ರಾಯ. ಕಲಾವಿದರೂ ಕೊಳ್ಳುವವರೂ ನಡುವೆ ದಲ್ಲಾಳಿಯಿಲ್ಲದೆ ಎದುರಾಗುವ ಅಂಥ ದಿನ ಇನ್ನೊಂದಿಲ್ಲ. ಆದರೆ ಬುದ್ಧನ ಮುಖ, ಓಡುವ ಕುದುರೆ, ಎಲೆಯೊಳಗಿನ ಗಣಪತಿ ಇಂಥ ಮಾರಾಟದ ಸರಕೂ ಅಲ್ಲಿ ಅಷ್ಟೇ ಧಾರಾಳವಾಗಿರುತ್ತದೆ. ಆ ನೂಕುನುಗ್ಗಲಿನಲ್ಲಿ ಕೊಳ್ಳುವುದಕ್ಕಿಂತ, ಹಿಡಿಸಿದವರ ವಿಳಾಸವನ್ನು ಬರೆದುಕೊಂಡು, ಮುಂದೆ ಅವರ ಕೆಲಸದ ಜಾಗಕ್ಕೆ ಹೋಗಿ, ಮೂರು ನಾಲ್ಕು ವರ್ಷಗಳ ಕೆಲಸವನ್ನು ಒಟ್ಟಿಗೆ ನೋಡಿ ಆರಿಸುವುದು ಲೇಸು. ಅಲ್ಲಿ ಚೌಕಾಸಿ ಮಾಡುವ ಬದಲು ಕಂತಿನಲ್ಲಿ ಕೊಡಲು ಅವಕಾಶ ಕೇಳಿ. ಬಹಳಷ್ಟು ಕಲಾವಿದರು ಒಪ್ಪುತ್ತಾರೆ. ಗ್ಯಾಲರಿಯೊಂದರ ಜೊತೆ ಒಪ್ಪಂದವಿರುವ ಕಲಾವಿದರ ಬೆನ್ನುಬಿದ್ದು, ಅದರ ಬೆನ್ನ ಹಿಂದೆ ಕಡಿಮೆ ಬೆಲೆಗೆ ಕೊಳ್ಳುವುದು ಮಾತ್ರ ಸರಿಯಲ್ಲ, ಅದರಿಂದ ಕೊನೆಗೆ ಪೆಟ್ಟು ಬೀಳುವುದು ಕಲಾವಿದರಿಗೇ.

ಉತ್ತರ
ಬರೆದವರು: ಬಯಲುಸೀಮೆ

ಅಚ್ಚುಮನೆಯವರ ಅನುಭವಕ್ಕೆ ತಲೆಬಾಗುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಸಂಗ್ರಹಕ್ಕೆ ಮಿತಿ ಬೇಕು ಎಂಬುದು ಸರಿಯೇ. ಆದರೆ ಆ ಮಿತಿಯನ್ನು ಮಾಧ್ಯಮದಿಂದ ಗುರುತಿಸಿದರೆ, ಯಾವ ಗ್ಯಾಲರಿಯೂ ಕಣ್ಣೆತ್ತಿ ನೋಡದಿರುವ ಬಹುದೊಡ್ಡ ಭಾಗವೊಂದು ಹೊರಗೇ ಉಳಿದುಬಿಡುತ್ತದೆ.

ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ಚಿತ್ರಕಲಾ ಶಾಲೆಗಳಿಂದ ಹೊರಬಂದವರಲ್ಲಿ ಹೆಚ್ಚಿನವರು ಪ್ರೌಢಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ತರರಾಗಿ ಬದುಕು ಸವೆಸಿದರು. ಅವರು ರಜೆಯ ದಿನಗಳಲ್ಲಿ ಬರೆದ ನಿಸರ್ಗದೃಶ್ಯಗಳೂ ಭಾವಚಿತ್ರಗಳೂ ಇಂದಿಗೂ ಹುಬ್ಬಳ್ಳಿ, ಬಾಗಲಕೋಟೆ, ವಿಜಯಪುರದ ಮನೆಗಳ ಅಟ್ಟಗಳಲ್ಲಿವೆ. ಕಲಬುರಗಿಯ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ ಪೌರಾಣಿಕ ಚಿತ್ರಗಳಿಂದಲೂ ಸಿನಿಮಾದ ಭಿತ್ತಿಚಿತ್ರಗಳಿಂದಲೂ ಹೆಸರಾದ್ದರಿಂದ ಅವರ ಬಗ್ಗೆ ಬರೆಯುವವರಿದ್ದಾರೆ. ಊರಲ್ಲೇ ಉಳಿದವರ ಬಗ್ಗೆ ಒಂದು ಪುಟದ ದಾಖಲೆಯೂ ಸಿಗುವುದು ಕಷ್ಟ.

ಆದಕಾರಣ, ನೀವು ಕರಾವಳಿಯವರಾಗಿದ್ದೂ ಕರಾವಳಿಯ ಚಿತ್ರಕಾರರನ್ನೇ ಏಕೆ ಮಿತಿಯಾಗಿಟ್ಟುಕೊಳ್ಳಬಾರದು? ಯಕ್ಷಗಾನದ ರೇಖಾಚಿತ್ರ ಆಗಲೇ ನಿಮ್ಮ ಕೈಯಲ್ಲಿದೆ. ಉಡುಪಿ, ಮಂಗಳೂರುಗಳಲ್ಲಿ ಕಲಿಸಿದವರು, ಕಲಿತವರು, ಮುಂಬಯಿಗೆ ಹೋದವರು ಇವರ ಕೃತಿಗಳನ್ನು ಕುಟುಂಬದವರಿಂದ ಕೊಳ್ಳುವಾಗ ಜೊತೆಗೇ ಅವರ ಮಾತನ್ನೂ ಧ್ವನಿಮುದ್ರಿಸಿಕೊಳ್ಳಿ. ಇದನ್ನು ಯಾವ ವರ್ಷ ಬರೆದರು, ಎಲ್ಲಿ ಕುಳಿತು ಬರೆದರು, ಯಾರಿಗೆ ಕೊಟ್ಟಿದ್ದರು ಎಂಬುದನ್ನು ಹೇಳಬಲ್ಲವರು ಇರುವಾಗಲೇ ಕೇಳಬೇಕು. 60,000 ರೂಪಾಯಿಯಲ್ಲಿ ಒಂದು ಭಾಗವನ್ನು ಈ ಓಡಾಟಕ್ಕೇ ಮೀಸಲಿಟ್ಟರೂ ನಷ್ಟವಿಲ್ಲ.

ಉತ್ತರ
ಬರೆದವರು: ಲೆಕ್ಕಪತ್ರ

ತಂಗಿಯವರ ಕೋರಿಕೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ತಪ್ಪಿದರೆ ದಂಡದಲ್ಲಿ ಮುಗಿಯುವುದಿಲ್ಲ.

ಪ್ರಾಚ್ಯವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆ 1972ರಲ್ಲಿ ಬಂದಿತು. ಅದರ ಪ್ರಕಾರ ನೂರು ವರ್ಷ ಅಥವಾ ಅದಕ್ಕೂ ಹಳೆಯದಾದ ಚಿತ್ರ, ಶಿಲ್ಪ ಮುಂತಾದವೆಲ್ಲ, ಬರೆದವರು ಯಾರೇ ಆಗಿರಲಿ, ಪ್ರಾಚ್ಯವಸ್ತುಗಳು. ಹಸ್ತಪ್ರತಿಗಳಿಗೆ ಮಿತಿ ಎಪ್ಪತ್ತೈದು ವರ್ಷ. ಖಾಸಗಿ ವ್ಯಕ್ತಿ ಅವನ್ನು ಹೊಂದಿರಬಹುದು, ಆದರೆ ದೇಶದ ಹೊರಗೆ ಕಳುಹಿಸುವಂತಿಲ್ಲ. ಕಳುಹಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸವನ್ನು ಕಾಯಿದೆ ವಿಧಿಸುತ್ತದೆ. ಉಡುಗೊರೆಯೆಂದೋ ಮನೆಯ ಸಾಮಾನೆಂದೋ ಸೂಟ್‌ಕೇಸಿನಲ್ಲಿ ಒಯ್ದರೂ ಅದು ರಫ್ತೇ. ಪಟ್ಟಾಭಿಷೇಕದ ಚಿತ್ರ ಅಷ್ಟು ಹಳೆಯದಲ್ಲ ಎಂದು ನಿಮಗೆ ತೋರಿದರೂ ಅದನ್ನು ನೀವೇ ತೀರ್ಮಾನಿಸದೆ, ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಬೆಂಗಳೂರು ಕಚೇರಿಯಲ್ಲಿ ವಿಚಾರಿಸಿ, ತಜ್ಞರಿಗೆ ತೋರಿಸಿ, ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರವನ್ನು ಪಡೆದ ಮೇಲಷ್ಟೇ ಮುಂದಿನ ಮಾತು. ನೂರು ದಾಟಿದೆ ಎಂದು ತಿಳಿದರೆ ಅದೇ ಇಲಾಖೆಯಲ್ಲಿ ನೋಂದಾಯಿಸಬೇಕಾಗುತ್ತದೆ, ಮುಂದೆ ಒಡೆತನ ಬದಲಾದರೆ ತಿಳಿಸಬೇಕಾಗುತ್ತದೆ. ಒಲಿಯೋಗ್ರಾಫ್‌ಗಳ ವಿಷಯದಲ್ಲೂ ಇದೇ ಎಚ್ಚರ ಅಗತ್ಯ. ರವಿವರ್ಮ ಪ್ರೆಸ್ ಶುರುವಾದದ್ದು 1894ರಲ್ಲಿ. ಅದರ ಮೊದಲ ದಶಕಗಳ ಪ್ರತಿಗಳು ಈಗಾಗಲೇ ನೂರನ್ನು ದಾಟಿವೆ.

ಇದಲ್ಲದೆ, ನೂರು ವರ್ಷ ಆಗಿರದಿದ್ದರೂ ಒಂಬತ್ತು ಮಂದಿ ಕಲಾವಿದರ ಕೃತಿಗಳನ್ನು ಕಲಾನಿಧಿಗಳೆಂದು ಸರ್ಕಾರ ಘೋಷಿಸಿದೆ. ರವಿವರ್ಮ, ಅಮೃತಾ ಶೇರ್‌ಗಿಲ್, ರವೀಂದ್ರನಾಥ ಠಾಕೂರ್, ಅವನೀಂದ್ರನಾಥ, ಗಗನೇಂದ್ರನಾಥ, ನಂದಲಾಲ್ ಬೋಸ್, ಜಾಮಿನಿ ರಾಯ್, ಶೈಲೋಜ್ ಮುಖರ್ಜಿ ಮತ್ತು ನಿಕೋಲಸ್ ರೋರಿಕ್ ಇವರೇ ಆ ಒಂಬತ್ತು ಮಂದಿ. ಇವರ ಕೃತಿಗಳನ್ನು ದೇಶದೊಳಗೆ ಕೊಳ್ಳಬಹುದು, ಮಾರಬಹುದು, ಹೊರಗೆ ಕಳುಹಿಸುವಂತಿಲ್ಲ. ಹೆಬ್ಬಾರರು ಈ ಪಟ್ಟಿಯಲ್ಲಿಲ್ಲ.

ತೆರಿಗೆಯ ವಿಚಾರದಲ್ಲಿ ಹಲವರಿಗೆ ತಿಳಿಯದ ಸಂಗತಿಯೊಂದಿದೆ. ಮನೆಯ ಮೇಜು ಕುರ್ಚಿಗಳನ್ನು ಮಾರಿದಾಗ ಬರುವ ಲಾಭಕ್ಕೆ ಬಂಡವಾಳ ಲಾಭದ ತೆರಿಗೆಯಿಲ್ಲ, ಅವು ವೈಯಕ್ತಿಕ ಬಳಕೆಯ ವಸ್ತುಗಳು. ಆದರೆ ರೇಖಾಚಿತ್ರ, ವರ್ಣಚಿತ್ರ, ಶಿಲ್ಪಗಳನ್ನು ಕಾನೂನು ಆ ರಿಯಾಯಿತಿಯಿಂದ ಹೊರಗಿಟ್ಟಿದೆ. ಇಪ್ಪತ್ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇಕಡ 12.5ರ ತೆರಿಗೆ, 2024ರ ಜುಲೈ 23ರಿಂದ ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಲೆಕ್ಕ ಹಾಕುವ ಸೂಚ್ಯಂಕದ ಅನುಕೂಲವೂ ಇಲ್ಲ. ಪಿತ್ರಾರ್ಜಿತವಾಗಿ ಬಂದವುಗಳಿಗೆ ಹಿಂದಿನ ಒಡೆಯರು ಕೊಟ್ಟ ಬೆಲೆಯೂ ಅವರು ಇಟ್ಟುಕೊಂಡಿದ್ದ ಅವಧಿಯೂ ನಿಮ್ಮ ಲೆಕ್ಕಕ್ಕೆ ಬರುತ್ತವೆ, 2001ರ ಏಪ್ರಿಲ್ 1ಕ್ಕೆ ಮುಂಚಿನವಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಆಧಾರವಾಗಿ ಹಿಡಿಯಬಹುದು. ಇನ್ನೊಂದು ಮಾತು: ಬಂಧುಗಳಲ್ಲದ ಸ್ನೇಹಿತರು, ಕಲಾವಿದರೇ ಆದರೂ, ಉಡುಗೊರೆಯಾಗಿ ಕೊಟ್ಟ ಚಿತ್ರಗಳ ಮೌಲ್ಯ ವರ್ಷದಲ್ಲಿ 50,000 ರೂಪಾಯಿ ಮೀರಿದರೆ ಅದು ನಿಮ್ಮ ಆದಾಯವೆಂದೇ ಪರಿಗಣಿತವಾಗುತ್ತದೆ. ತಂಗಿ ಬಂಧುವಾದ್ದರಿಂದ ಆ ತೊಡಕಿಲ್ಲ.

ಕೊಳ್ಳುವಾಗ ರಸೀದಿಯನ್ನು ಕೇಳಿ ಪಡೆಯಲು ಸಂಕೋಚಪಡಬೇಡಿ. ಗ್ಯಾಲರಿಯ ಬಿಲ್ಲಿನಲ್ಲಿ ಜಿ.ಎಸ್.ಟಿ. ಇರುತ್ತದೆ, 2025ರ ಸೆಪ್ಟೆಂಬರ್ 22ರಿಂದ ಮೂಲ ವರ್ಣಚಿತ್ರಗಳಿಗೂ ಮುದ್ರಣಚಿತ್ರಗಳಿಗೂ ಅದು ಶೇಕಡ 12ರಿಂದ 5ಕ್ಕೆ ಇಳಿದಿದೆ. ನೋಂದಣಿಯಿಲ್ಲದ ಕಲಾವಿದರು ಜಿ.ಎಸ್.ಟಿ. ಹಾಕುವುದಿಲ್ಲ, ಹಾಕಕೂಡದು, ಕೃತಿಯ ಹೆಸರು, ಮಾಧ್ಯಮ, ಅಳತೆ, ವರ್ಷ, ಬೆಲೆಗಳನ್ನು ಬರೆದು ಸಹಿ ಮಾಡಿದ ಒಂದು ಹಾಳೆ ಅವರಿಂದ ಸಾಕು. ಅದೇ ಹಾಳೆ ಮುಂದೆ ತೆರಿಗೆಯ ಲೆಕ್ಕಕ್ಕೂ ವಿಮೆಗೂ ಕೃತಿಯ ಅಸಲಿತನಕ್ಕೂ ಸಾಕ್ಷಿಯಾಗುತ್ತದೆ.

ಕೊನೆಯದಾಗಿ, ಹಾಳೆಯನ್ನು ಕೊಂಡರೂ ಅದರ ಹಕ್ಕುಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ, ಅವರು ತೀರಿಕೊಂಡ ಮೇಲೆ ಅರುವತ್ತು ವರ್ಷ ಅವರ ವಾರಸುದಾರರಲ್ಲಿರುತ್ತದೆ. ಆ ರೇಖಾಚಿತ್ರ ಹೆಬ್ಬಾರರದೇ ಆಗಿದ್ದರೆ, ಅವರು 1996ರಲ್ಲಿ ನಿಧನರಾದ್ದರಿಂದ, 2056 ಮುಗಿಯುವವರೆಗೆ ಅದನ್ನು ಮದುವೆಯ ಆಮಂತ್ರಣದ ಮೇಲೆ ಅಚ್ಚು ಹಾಕಿಸಲು ಅನುಮತಿ ಬೇಕು. ಒಡೆತನವಿದೆಯೆಂದು ಕೃತಿಯನ್ನು ವಿರೂಪಗೊಳಿಸುವ ಅಧಿಕಾರವೂ ಇಲ್ಲ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ತನ್ನ ಕೃತಿಯನ್ನು ಕಿತ್ತು ಹಾಳುಗೆಡವಿದ ಸರ್ಕಾರದ ವಿರುದ್ಧ ಶಿಲ್ಪಿ ಅಮರನಾಥ ಸೆಹಗಲ್ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟು 2005ರಲ್ಲಿ ಇದನ್ನೇ ಎತ್ತಿಹಿಡಿದು, ಉಳಿದ ಭಾಗಗಳನ್ನು ಶಿಲ್ಪಿಗೆ ಮರಳಿಸುವಂತೆಯೂ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆಯೂ ಆದೇಶಿಸಿತು.

ಪ್ರತಿಕ್ರಿಯೆ
ಬರೆದವರು: ಮಲ್ಲೇಶ್ವರದ ಕರಾವಳಿಗ

ಎಲ್ಲರಿಗೂ ಕೃತಜ್ಞತೆಗಳು. ತಂಗಿಗೆ ಲೆಕ್ಕಪತ್ರದವರ ಉತ್ತರವನ್ನು ಓದಿ ಹೇಳಿದ್ದೇನೆ; ಇಲಾಖೆಯ ಮಾತು ಬರುವವರೆಗೆ ಚಿತ್ರ ಇಲ್ಲಿಯೇ ಇರಲೆಂದು ಅವಳೂ ಒಪ್ಪಿದ್ದಾಳೆ. ಬಯಲುಸೀಮೆಯವರ ಸಲಹೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ.

ಈ ವಾರ ಊರಿಗೆ ಹೋಗಿದ್ದಾಗ ರೇಖಾಚಿತ್ರದ ಕಟ್ಟನ್ನು ಗೋಡೆಯಿಂದ ಇಳಿಸಿ ಹಿಂಬದಿಯನ್ನು ಮೊದಲ ಬಾರಿ ನೋಡಿದೆ. ಹಿಂದಿನ ಹಲಗೆಯ ಮೇಲೆ ಮಾಟುಂಗದ ಕಟ್ಟು ಹಾಕುವ ಅಂಗಡಿಯೊಂದರ ಚೀಟಿಯಿದೆ, ವಿಳಾಸದ ಕೊನೆಗೆ ‘ಬೊಂಬಾಯಿ 19’ ಎಂದು ಅಚ್ಚಾಗಿದೆ. ಅಜ್ಜ ಮಾಟುಂಗದಲ್ಲಿ ಹೋಟೆಲು ನಡೆಸುತ್ತಿದ್ದರು. ಕಾಗದದ ಮೇಲೆ ಅಲ್ಲಲ್ಲಿ ಕಂದು ಚುಕ್ಕೆಗಳಿವೆ, ಗಾಜಿಗೆ ಒಂದು ಮೂಲೆ ಅಂಟಿಕೊಂಡಂತಿದೆ. ಲಕ್ಷ್ಮಿಯ ಚಿತ್ರದ ಹಿಂದೆ ಬಿಳಿಯ ಬೂಷ್ಟು ಹಿಡಿದಿದೆ. ಹೊಸ ಕಟ್ಟು ಹಾಕಿಸಿಬಿಡಬೇಕೆಂದಿದ್ದೇನೆ. ಊರಿನ ಅಂಗಡಿಯವರು ಜರಿಯನ್ನೆಲ್ಲ ತೆಗೆದು ‘ಹೊಸದರಂತೆ’ ಮಾಡಿಕೊಡುತ್ತೇವೆ ಎನ್ನುತ್ತಾರೆ. ಸರಿಯೇ?

ಉತ್ತರ
ಬರೆದವರು: ಕಾಗದ ಮತ್ತು ಬಣ್ಣ

ದಯವಿಟ್ಟು ಯಾವುದನ್ನೂ ಅಂಗಡಿಗೆ ಕೊಡಬೇಡಿ. ನಾನು ಸಂರಕ್ಷಣೆಯ ಕೆಲಸದಲ್ಲಿರುವುದರಿಂದ ಇಷ್ಟು ಕಟುವಾಗಿ ಹೇಳಬೇಕಾಗಿದೆ. ಕಟ್ಟು ಹಾಕುವವರು ಅಳತೆಗೆ ಸರಿಹೊಂದಲೆಂದು ಹಾಳೆಯ ಅಂಚನ್ನು ಕತ್ತರಿಸಿ, ಪ್ಲೈವುಡ್ಡಿಗೆ ಬಿಳಿ ಅಂಟಿನಿಂದ ಮೆತ್ತಿಬಿಟ್ಟರೆ, ಪ್ರೆಸ್ಸಿನ ಹೆಸರೂ ಸಹಿಯೂ ಒಮ್ಮೆಗೇ ಹೋಗುತ್ತವೆ. ಆ ಅಂಟನ್ನು ಬಿಡಿಸುವುದು ನಮಗೂ ಬಹುಪಾಲು ಅಸಾಧ್ಯ.

ರೇಖಾಚಿತ್ರದ ಹಿಂದಿನ ಚೀಟಿ ನಿಮಗೆ ಸಿಕ್ಕಿರುವ ಒಳ್ಳೆಯ ಸುಳಿವು. ಆರಂಕಿಯ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಮುಂಬಯಿಯ ವಿಳಾಸಗಳಲ್ಲಿ ವಲಯದ ಸಂಖ್ಯೆಯನ್ನು ಮಾತ್ರ ಬರೆಯುತ್ತಿದ್ದರು, ಮಾಟುಂಗ 19ನೆಯ ವಲಯ. ಹಳೆಯ ಚೀಟಿಗಳನ್ನು ಅಂಗಡಿಯವರು ಮುಗಿಯುವವರೆಗೂ ಬಳಸುವುದುಂಟಾದರೂ ಆ ಕಟ್ಟು 1970ರ ದಶಕದ ಮಧ್ಯಭಾಗಕ್ಕಿಂತ ಈಚಿನದಾಗಿರಲಾರದೆಂದು ಊಹಿಸಬಹುದು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಹೆಬ್ಬಾರರು ಮುಂಬಯಿಯಲ್ಲಿ ನೆಲೆಸಿದ್ದವರು, ನರ್ತಿಸುವ ದೇಹಗಳ ರೇಖೆಗೆ ಹೆಸರಾದವರು. ಅಲ್ಲಿನ ಕರಾವಳಿಯ ಹೋಟೆಲಿಗರಿಗೆ ಅವರ ಪರಿಚಯವಿದ್ದಿರಬಹುದು. ಇಷ್ಟಾದರೂ ಇದು ಸಾಧ್ಯತೆಯನ್ನು ಹೇಳುತ್ತದೆಯೇ ಹೊರತು ಸಾಬೀತುಪಡಿಸುವುದಿಲ್ಲ. ಸಹಿಯೆಂಬುದು ನಕಲು ಮಾಡಲು ಅತಿ ಸುಲಭವಾದ ಭಾಗ. 2011ರಲ್ಲಿ ಕೋಲ್ಕತ್ತದ ಸರ್ಕಾರಿ ಕಲಾ ಕಾಲೇಜೇ ಏರ್ಪಡಿಸಿದ್ದ ಪ್ರದರ್ಶನದಲ್ಲಿ ರವೀಂದ್ರನಾಥರವೆಂದು ತೂಗುಹಾಕಿದ್ದ ಇಪ್ಪತ್ತು ಚಿತ್ರಗಳು ಅವರವಲ್ಲವೆಂದು ತಜ್ಞರ ಸಮಿತಿ ಹೇಳಿತು. ಸಂಸ್ಥೆಯ ಗೋಡೆಯೂ ಪ್ರಮಾಣವಾಗದು ಎಂದಾಯಿತು. ಅಜ್ಜನ ಕಾಗದಪತ್ರಗಳಲ್ಲಿ ಒಂದು ಅಂಚೆ ಕಾರ್ಡು, ಹೋಟೆಲಿನ ಗೋಡೆಯಲ್ಲಿ ಈ ಚಿತ್ರ ಕಾಣುವ ಒಂದು ಹಳೆಯ ಫೋಟೋ, ಪ್ರದರ್ಶನದ ಒಂದು ಕೈಪಿಡಿ ಇಂಥವನ್ನು ಹುಡುಕಿ, ಅವುಗಳ ಸಮೇತ ಹೆಬ್ಬಾರರ ಹೆಸರಿನ ಪ್ರತಿಷ್ಠಾನಕ್ಕೆ ಬರೆಯಿರಿ. ಹಿಂದಿನ ಹಲಗೆಯನ್ನು ಬದಲಾಯಿಸಿದರೂ ಚೀಟಿಯಿರುವ ಭಾಗವನ್ನು ಎಸೆಯದೆ ಚಿತ್ರದ ಜೊತೆಗೇ ಇಡಿ.

ಗಾಜಿಗೆ ಅಂಟಿದ ಮೂಲೆಯನ್ನು ಎಳೆಯಬೇಡಿ. ಶಾಯಿ ನೀರಿಗೆ ಕರಗುವಂಥದ್ದಾಗಿದ್ದರೆ ಒದ್ದೆ ಮಾಡಿದರೂ ಹೋಗುತ್ತದೆ. ಕಟ್ಟಿನ ಸಮೇತ ತನ್ನಿ. ಬೂಷ್ಟು ಹಿಡಿದದ್ದನ್ನು ಬಿಸಿಲಿಗಿಡುವುದು ನಮ್ಮ ಕಡೆ ವಾಡಿಕೆ, ಆದರೆ ಬಿಸಿಲಿಗೆ ಬಣ್ಣ ಮಾಸುತ್ತದೆ, ಹಾಳೆ ಸುರುಟುತ್ತದೆ. ಅದನ್ನು ಉಳಿದವುಗಳಿಂದ ಬೇರ್ಪಡಿಸಿ, ಗಾಳಿಯಾಡುವ ನೆರಳಿನಲ್ಲಿ ಇರಿಸಿದರೆ ಸದ್ಯಕ್ಕೆ ಸಾಕು. ಗಾಳಿಯ ತೇವಾಂಶ ಶೇಕಡ 65ರಿಂದ 70ನ್ನು ದಾಟಿದರೆ ಬೂಷ್ಟು ಬೆಳೆಯತೊಡಗುತ್ತದೆ. ಮಳೆಗಾಲದ ಕುಂದಾಪುರದಲ್ಲಿ ಅದು ವಾರಗಟ್ಟಲೆ ಅದಕ್ಕಿಂತ ಮೇಲೆಯೇ ಇರುತ್ತದಾದ್ದರಿಂದ, ನಿಮ್ಮ ತುರ್ತಿನ ಪ್ರಶ್ನೆಗೆ ಉತ್ತರವೆಂದರೆ ಜೂನ್‌ಗೆ ಮುಂಚೆ ನಾಲ್ಕನ್ನೂ ಬೆಂಗಳೂರಿಗೆ ತರುವುದು. ಪಟ್ಟಾಭಿಷೇಕವನ್ನು ಮುಖ ಮೇಲಾಗಿ, ಮಟ್ಟಸವಾಗಿ ಒಯ್ಯಬೇಕು. ಚಿನ್ನದ ರೇಕಿನ ಕೆಳಗಿರುವ ಗೆಸ್ಸೋ (ಬಿಳಿಪುಡಿ ಮತ್ತು ಅಂಟಿನ ಲೇಪ) ಉಬ್ಬುಕೆಲಸದ ಮೇಲೆ ಗುಳ್ಳೆ ಪ್ಲಾಸ್ಟಿಕ್ಕನ್ನು ನೇರವಾಗಿ ಸುತ್ತಬಾರದು, ನಡುವೆ ಆಮ್ಲರಹಿತ ಟಿಶ್ಯೂ ಕಾಗದವಿರಲಿ. ಬೆಂಗಳೂರಿನ ಒಣ ಹವೆಗೆ ಒಮ್ಮೆಗೇ ಒಡ್ಡಿದರೆ ಮರವೂ ಗೆಸ್ಸೋವೂ ಬಿರುಕು ಬಿಡಬಹುದಾದ್ದರಿಂದ ಒಂದೆರಡು ದಿನ ಕಟ್ಟಿದ ಹಾಗೆಯೇ ಬಿಟ್ಟು ಆಮೇಲೆ ಬಿಚ್ಚಿ. ಹೊಗೆಯ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸುವ ಮನಸ್ಸಾದರೆ ಕೈ ಕಟ್ಟಿಕೊಳ್ಳಿ, ಮಸಿಯ ಜೊತೆಗೆ ಚಿನ್ನದ ರೇಕೂ ಬರುತ್ತದೆ. ಬೆಂಗಳೂರಿನಲ್ಲಿ ಇನ್‌ಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವು ಚಿತ್ರಕಲಾ ಪರಿಷತ್ತಿನಲ್ಲೇ ಇದೆ. ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವಿದೆ. ಮೊದಲು ಸ್ಥಿತಿಯ ವರದಿಯನ್ನೂ ಅಂದಾಜು ವೆಚ್ಚವನ್ನೂ ಬರವಣಿಗೆಯಲ್ಲಿ ಕೇಳಿ.

ಮಲ್ಲೇಶ್ವರದ ಮನೆಯಲ್ಲಿ ಇವನ್ನು ಒಳಗೋಡೆಗೆ ತೂಗುಹಾಕಿ, ಮಳೆ ಬಡಿಯುವ ಹೊರಗೋಡೆಗೆ ಬೇಡ. ಕಟ್ಟಿನ ಹಿಂದಿನ ನಾಲ್ಕು ಮೂಲೆಗೆ ಬೆಂಡಿನ ತುಂಡುಗಳನ್ನು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಕಾಗದದ ಕೃತಿಗಳಿಗೆ 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಬೇಡವೆಂಬುದು ಸಂಗ್ರಹಾಲಯಗಳ ರೂಢಿ, ಎಂದರೆ ಓದಲು ಮಂದವೆನಿಸುವಷ್ಟು. ಮನೆಯಲ್ಲಿ ಅದು ಕಷ್ಟವಾದ್ದರಿಂದ ಕೆಲವು ತಿಂಗಳು ಗೋಡೆಯಲ್ಲಿಟ್ಟು ಕೆಲವು ತಿಂಗಳು ಸೆಳೆಖಾನೆಯಲ್ಲಿಡುವ ಸರದಿ ಒಳ್ಳೆಯದು. ಬೆಳಕಿನಿಂದ ಮಾಸಿದ ಬಣ್ಣವನ್ನು ಯಾವ ಸಂರಕ್ಷಕನೂ ಮರಳಿ ತರಲಾರ. ಹೊಸ ಕಟ್ಟು ಹಾಕಿಸುವಾಗ ಆಮ್ಲರಹಿತ ಮೌಂಟ್ ಬೋರ್ಡ್ ಇರಲಿ, ಗಾಜು ಕಾಗದವನ್ನು ಮುಟ್ಟದಿರಲಿ, ಹಾಳೆಯನ್ನು ಗೋಧಿ ಪಿಷ್ಟದ ಅಂಟು ಮತ್ತು ತೆಳು ಜಪಾನಿ ಕಾಗದದ ಪಟ್ಟಿಗಳಿಂದ ಮೇಲಂಚಿನಲ್ಲಿ ಮಾತ್ರ ನಿಲ್ಲಿಸಲಿ.

ಚಿತ್ರಗಳು ಬಂದ ಕೂಡಲೇ ದಾಖಲೆ ಪುಸ್ತಕವನ್ನು ಆರಂಭಿಸಿ. ಕಂಪ್ಯೂಟರಿನ ಒಂದು ಸಾದಾ ಕೋಷ್ಟಕವಾದರೂ ಸಾಕು. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಕಲಾವಿದ, ಮಾಧ್ಯಮ, ಅಳತೆ, ಎಲ್ಲಿಂದ ಬಂತು, ಎಷ್ಟು ಕೊಟ್ಟಿರಿ, ಈಗಿನ ಸ್ಥಿತಿ, ಮುಂಭಾಗದ ಮತ್ತು ಹಿಂಭಾಗದ ಫೋಟೋ. ಮನೆಯವರು ಹೇಳುವ ಮಾತನ್ನು ‘ಮನೆಯವರ ಹೇಳಿಕೆ’ ಎಂದೇ ಬರೆಯಿರಿ, ಖಚಿತವಾದದ್ದರ ಜೊತೆ ಬೆರೆಸಬೇಡಿ. ಹಾಳೆಯ ಹಿಂದೆ ಸಂಖ್ಯೆ ಹಾಕುವುದಾದರೆ ಅಂಚಿನಲ್ಲಿ ಮೃದು ಪೆನ್ಸಿಲಿನಿಂದ ಮಾತ್ರ. ಈ ಕೋಷ್ಟಕದ ಒಂದು ಪ್ರತಿ ನ್ಯೂಜೆರ್ಸಿಯ ತಂಗಿಯ ಬಳಿಯೂ ಇರಲಿ. ವಿಮೆ ಮಾಡಿಸುವಾಗಲೂ ಇದೇ ಬೇಕಾಗುತ್ತದೆ: ‘ಭಾರತ್ ಗೃಹ ರಕ್ಷಾ’ದಂಥ ಮನೆವಿಮೆಗಳಲ್ಲಿ ಕಲಾಕೃತಿಗಳು ತಾವಾಗಿಯೇ ಸೇರುವುದಿಲ್ಲ, ವಿಮಾ ಕಂಪನಿಯ ಜೊತೆ ಮೊದಲೇ ಒಪ್ಪಿಕೊಂಡ ಮೌಲ್ಯದ ಆಧಾರದಲ್ಲಿ ಪ್ರತ್ಯೇಕವಾಗಿ ಸೇರಿಸಬೇಕು.

ಒಲಿಯೋಗ್ರಾಫ್‌ಗಳನ್ನು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಿಂದ ನೋಡಿ. ಕಲ್ಲಚ್ಚಿನಲ್ಲಿ ಮುದ್ರಿಸಿದ್ದಾದರೆ ಚುಕ್ಕೆಗಳು ಕೈಯಿಂದ ಇಟ್ಟಂತೆ ಹಿರಿಕಿರಿದಾಗಿ, ಸಾಲಿಲ್ಲದೆ ಹರಡಿರುತ್ತವೆ. ಆಮೇಲಿನ ಆಫ್‌ಸೆಟ್ ನಕಲಾದರೆ ಒಂದೇ ಅಳತೆಯ ಕ್ರಮದಲ್ಲಿ ಪುಟ್ಟ ಹೂವಿನಾಕಾರಗಳು ಸಾಲುಗಟ್ಟಿರುತ್ತವೆ. ಅಂಚಿನ ಅಕ್ಷರಗಳನ್ನೂ ಓದಿ ಬರೆದಿಟ್ಟುಕೊಳ್ಳಿ. ಪ್ರೆಸ್ಸು ಮುಂಬಯಿಯಿಂದ ಲೋಣಾವಳದ ಕಡೆಗೆ ಸ್ಥಳಾಂತರಗೊಂಡಿತಾದ್ದರಿಂದ ವಿಳಾಸದಿಂದಲೂ ಕಾಲವನ್ನು ಅಂದಾಜು ಮಾಡಬಹುದು.

ಜರಿಯನ್ನು ತೆಗೆಸಬೇಡಿ. ಮುದ್ರಿತ ದೇವರ ಚಿತ್ರಕ್ಕೆ ಮನೆಯ ಹೆಂಗಸರು ಜರಿ, ಮಣಿ, ಮಿಣುಕುಗಳಿಂದ ಸೀರೆ ಉಡಿಸುವುದು ಆ ಕಾಲದ ರೂಢಿಯಾಗಿತ್ತು, ಹಾಗೆ ಅಲಂಕರಿಸಿದ ಪ್ರತಿಗಳನ್ನು ಹುಡುಕಿ ಕೊಳ್ಳುವ ಸಂಗ್ರಾಹಕರೂ ಇದ್ದಾರೆ. ಅದೇ ಮುದ್ರಣದ ಎಷ್ಟೋ ಪ್ರತಿಗಳು ಎಲ್ಲೆಲ್ಲೋ ಇರಬಹುದು. ಆ ಸೀರೆಯಿರುವುದು ನಿಮ್ಮದಕ್ಕೆ ಮಾತ್ರ. ಅದನ್ನು ಉಡಿಸಿದವರು ಯಾರೆಂದು ಊರಿನ ಹಿರಿಯರಲ್ಲಿ ಯಾರಾದರೂ ಬಲ್ಲರೇ ಎಂದು ಕೇಳಿ, ತಿಳಿದರೆ ಕೋಷ್ಟಕದಲ್ಲಿ ಅವರ ಹೆಸರನ್ನೂ ಸೇರಿಸಿ.